ಇಂಗ್ಲಿಷ್ ಆಡಿದವನು ನೀರು ಹೊರಬೇಕು

ಗೋವಿಂದರಾಜನಗರದ ನಮ್ಮ ಯುವಕರ ಸಂಘ ಈಗಲೂ ಇದೆ. ಕಬಡ್ಡಿ ಟೂರ್ನಿ, ರಕ್ತದಾನ, ರಾಜ್ಯೋತ್ಸವದ ಆರ್ಕೆಸ್ಟ್ರಾ ಎಲ್ಲವೂ ಭರ್ಜರಿಯಾಗಿ ನಡೆಯುತ್ತವೆ. ಅದು ಹುಟ್ಟಿದ್ದು ಎಪ್ಪತ್ತರ ದಶಕದಲ್ಲಿ, ಒಂದು ಶೀಟಿನ ರೂಮಿನಲ್ಲಿ, ಬರೀ ಹಟದಿಂದ. ನಮ್ಮ ಬೀದಿಯ ತಮಿಳರು ತಮಿಳಿನಲ್ಲಿ, ತೆಲುಗರು ತೆಲುಗಿನಲ್ಲಿ ಹಾಯಾಗಿ ಜಗಳವಾಡಿಕೊಂಡಿದ್ದರು. ಕನ್ನಡದವರಾದ ನಾವು ಮಾತ್ರ ನಾಲ್ಕು ಜನ ಸೇರಿದರೆ ಹರಕುಮುರುಕು ಇಂಗ್ಲಿಷಿನಲ್ಲಿ ಮೆರೆಯುತ್ತಿದ್ದೆವು.

ಇದನ್ನು ನೋಡಿ ರೋಸಿಹೋದವನು ಸಂಘದ ಕಾರ್ಯದರ್ಶಿ. ಕಾರ್ಖಾನೆಯೊಂದರಲ್ಲಿ ಗುಮಾಸ್ತ, ನಮಗೆಲ್ಲ 'ಅಣ್ಣ'. ಅವನೇ ನಿಯಮ ಮಾಡಿದ: ರೂಮಿನೊಳಗೆ ಇಂಗ್ಲಿಷ್ ಆಡಿದವನು ಬೀದಿ ನಲ್ಲಿಯಿಂದ ಒಂದು ಕೊಡ ನೀರು ಹೊತ್ತು ಮನೆಯೊಡತಿಗೆ ತಂದುಕೊಡಬೇಕು.

ಆ ಮನೆ ಗದಗದ ಕಡೆಯಿಂದ ಬಂದ ಬೆಲ್ಲದ ವ್ಯಾಪಾರಿಯದು; ಅದರ ಹಿತ್ತಲಿನ ರೂಮನ್ನು ನಮಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದರು. ಯಜಮಾನರು ಕತ್ತಲಾಗುವವರೆಗೂ ಮಂಡಿಯಲ್ಲೇ ಇರುತ್ತಿದ್ದರು. ಅವರ ಹೆಂಡತಿ, ನಮಗೆಲ್ಲ 'ಅಮ್ಮ', ಅಡುಗೆಮನೆಯ ಕಿಟಕಿಯಲ್ಲಿ ಕಿವಿಯಿಟ್ಟು ಕೂರುತ್ತಿದ್ದರು. ಬಸ್ಸು, ಸೈಕಲ್ಲು, ಕೇರಂ ಎಂಬ ಪದಗಳಿಗೆ ಮಾಫಿ ಇತ್ತು. ಆಡುವಾಗ 'ಫೌಲ್' ಎಂದು ಬಾಯಿತಪ್ಪಿ ಬಂದರೆ ಮಾತ್ರ ಕಿಟಕಿಯಿಂದ ತಕ್ಷಣ ತೀರ್ಪು ಬರುತ್ತಿತ್ತು.

"ಬಂತ ನೋಡ ಇಂಗ್ಲಿಷು! ಕೊಡ ತಗೋ ತಮ್ಮಾ!"

ಹಿತ್ತಾಳೆ ಕೊಡ ಹಿಡಿದು ನಲ್ಲಿಯ ಮುಂದೆ ನಿಂತರೆ ಹೆಂಗಸರೆಲ್ಲ ಮುಸಿಮುಸಿ ನಗುವರು. "ಇವತ್ತೇನ್ ಅಂದ್ಬಿಟ್ರಿ?" ಎಂದು ಕೇಳುವರು. ನನ್ನ ತೋಳಿಗೆ ಒಂದಿಷ್ಟು ಕಸುವು ಬಂದದ್ದು ಇಂಗ್ಲಿಷಿನ ಕೃಪೆಯಿಂದ.

ಹೀಗಿರುವಾಗ ಆ ಮನೆಗೇ ನಲ್ಲಿ ಬಂತು. ಯಜಮಾನರು ಒಂದು ಸಂಜೆ ರೂಮಿನ ಬಾಗಿಲಿಗೆ ಬಂದು, "ಇನ್ನ ನೀರಿನ ಚಿಂತಿ ಇಲ್ಲ. ರೂಮ್ ಖಾಲಿ ಮಾಡ್ರಪಾ, ಸಂಸಾರಸ್ಥರಿಗೆ ಬಾಡಿಗಿ ಕೊಡಬೇಕಂತೀನಿ" ಎಂದರು. ನಮ್ಮ ಜೀವ ಬಾಯಿಗೆ ಬಂತು. ಬಾಡಿಗೆ ಕೊಟ್ಟು ರೂಮು ಹಿಡಿಯುವ ತಾಕತ್ತು ನಮಗಿರಲಿಲ್ಲ. ಈ ರೂಮು ಹೋದರೆ ಸಂಘವೂ ಹೋದಂತೆಯೇ.

ಅಣ್ಣ ಎದ್ದು ನಿಂತ. ರಾಜ್ಯೋತ್ಸವದ ವೇದಿಕೆಯಲ್ಲಿ ಅಚ್ಚಗನ್ನಡದಲ್ಲಿ ಗುಡುಗುವ ಮನುಷ್ಯ, ಗಾಬರಿಯಲ್ಲಿ ಕೈಮುಗಿದು ಅಂದ: "ಸಾರ್, ಪ್ಲೀಸ್ ಸಾರ್, ಒನ್ ಮಂತ್ ಟೈಮ್ ಕೊಡಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ!"

ನಿಯಮ ಮಾಡಿದವನೇ! ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಮ್ಮ ಕೊಡ ಹಿಡಿದು ಹಿತ್ತಲಿಗೇ ಬಂದರು.

"ತಗೋ. ತಂದು ಹಾಕು."

"ಮನ್ಯಾಗ ನಲ್ಲಿ ಐತಲ್ಲ, ಮತ್ಯಾಕ?" ಎಂದರು ಯಜಮಾನರು.

"ಮನಿ ನಲ್ಲಿ ನೀರಾಗ ಬ್ಯಾಳಿ ಬೇಯಂಗಿಲ್ಲ."

"ಎರಡೂ ಒಂದ ಪೈಪಿಂದು ಐತಿ!"

ಅದು ನಮಗೂ ಗೊತ್ತಿತ್ತು. ಅಮ್ಮ ಕೊಡವನ್ನು ಕೆಳಗಿಟ್ಟರು. ಅವರ ಒಬ್ಬಳೇ ಮಗಳು ಹಿಂದಿನ ವರ್ಷವಷ್ಟೇ ಮದುವೆಯಾಗಿ ಹುಬ್ಬಳ್ಳಿಗೆ ಹೋಗಿದ್ದಳು.

"ಈ ಹುಡುಗ್ರು ಹೋದ್ರ ಸಂಜೀಮುಂದ ಈ ಮನ್ಯಾಗ ನಾ ಗ್ವಾಡಿ ಜೋಡಿ ಮಾತಾಡ್ಲೇನ್ರಿ?" ಎಂದರು.

ಇಡೀ ಮಂಡಿಯ ಬಾಯಿ ಮುಚ್ಚಿಸಬಲ್ಲ ಯಜಮಾನರು ತಾವೇ ಕೊಡವನ್ನು ಅಣ್ಣನ ಕಡೆ ಸರಿಸಿ ಒಳಗೆ ಹೋದರು. ಅಣ್ಣ ತೆಪ್ಪಗೆ ಕೊಡ ಎತ್ತಿಕೊಂಡ. ಬಾಡಿಗೆಯ ಮಾತು ಮತ್ತೆ ಬರಲೇ ಇಲ್ಲ.

ನಮ್ಮಿಂದ ನಾಡುನುಡಿ ಉದ್ಧಾರವಾಗುತ್ತಿದೆ ಎಂದು ಬೀಗುತ್ತಿದ್ದೆವು. ನಮ್ಮ ಗಲಾಟೆಯೇ ಒಬ್ಬ ಹೆಂಗಸಿಗೆ ಸಂಜೆಯ ಜೊತೆಯಾಗಿತ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಯಜಮಾನರು ಬೆಳಕಿರುವಾಗಲೇ ಮಂಡಿಯಿಂದ ಬಂದರು. ನಮ್ಮ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಇಬ್ಬರೂ ಏನೋ ಮಾತಾಡಿಕೊಂಡು ನಗುವುದು ಕೇಳಿಸಿತು. ಅಂದು ಯಾರೂ ಹೇಳದಿದ್ದರೂ ನಾವು ಸದ್ದು ತಗ್ಗಿಸಿ ಕೇರಂ ಆಡಿದೆವು.