ಮೇವಿಗೆ ಮರೆ ಕಟ್ಟಿದ ಕಾಕಾ

ತಲೆಗೆ ಸುತ್ತಿದ ಪಟಕಾದ ಮಡಿಕೆಯಲ್ಲಿ ಚೀಲ ಹೊಲಿಯುವ ದಬ್ಬಣ, ಅದರ ಕಣ್ಣಿನಿಂದ ಕಿವಿಯ ಮೇಲೆ ಇಳಿಬಿದ್ದ ಗೇಣುದ್ದದ ಸುತಳಿ. ಬದುವಿನ ಮೇಲೆ ನಡೆದು ಬರುವಾಗ ಆ ಸುತಳಿ ಗಾಳಿಗೆ ಆಡುತ್ತಿತ್ತು. ನಮ್ಮ ಮಗ್ಗಲ ಹೊಲದ ಕಾಕಾ ಅವರು. ರಕ್ತಸಂಬಂಧವಲ್ಲ, ಬದುವಿನ ಸಂಬಂಧ. ಅವರು ಕೂತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ನಿಂತೇ ಬಸಿಗೆ ಸುರುವಿಕೊಂಡು ಎರಡು ಗುಟುಕಿಗೆ ಮುಗಿಸಿ, ಹರಿದ ಚೀಲ ಎಲ್ಲಿದೆ ಎಂದು ನೋಡುತ್ತಿದ್ದರು.

ಎಂಬತ್ತರ ದಶಕ ಮುಗಿಯಲು ಬಂದಿತ್ತು. ಶೇಡಬಾಳದ ಕಡೆಯ ನಮ್ಮೂರಿಗೆ ದನದ ಡಾಕ್ಟರು ಓಟ್ಸ್ ಎಂಬ ಹೊಸ ಮೇವಿನ ಬೀಜ ತಂದರು. ಒಬ್ಬರಿಗೆ ಸಾಲುವಷ್ಟೇ ಇತ್ತು. ಯಾರು ಬಿತ್ತುತ್ತೀರಿ ಎಂದು ಡೇರಿಯ ಕಟ್ಟೆಯಲ್ಲಿ ಕೇಳಿದಾಗ ನಾನು ಕೈ ಎತ್ತಿದೆ.

"ಸಾಲ್ಯಾಗ ಐದನೇತ್ತಾ ದಾಟದಂವನ ಕೈಯಾಗ ಹೊಸ ಬೆಳಿ ಕೊಡ್ತೀರೇನ್ರಿ ಸಾಹೇಬ್ರ?" ಎಂದರು ಯಾರೋ. ಕಟ್ಟೆಯೆಲ್ಲ ನಕ್ಕಿತು. ಆ ನಗು ನನ್ನ ಬೆನ್ನು ಹತ್ತಿ ಹೊಲಕ್ಕೂ ಬಂತು. ಬೆಳೆ ಬಂದರೆ ಅದರ ಬೀಜ ಊರಿಗೆ ಹಂಚಬೇಕು. ಕೆಟ್ಟರೆ ನನ್ನ ಹೆಸರು ಕೆಟ್ಟಂತೆಯೇ.

ದೀಪಾವಳಿ ಮುಗಿದ ಮೇಲೆ ಬಿತ್ತಿದೆ. ಸಸಿ ಗೇಣುದ್ದ ಆಗುವಷ್ಟರಲ್ಲಿ ಹೊಳೆ ಕಡೆಯಿಂದ ಥಂಡಿ ಗಾಳಿ ಶುರುವಾಯಿತು. ಹಳ್ಳದ ಮಗ್ಗಲಿನ ತಗ್ಗಿನಲ್ಲಿ ಎಲೆಗಳ ತುದಿ ಕೆಂಪಾಯಿತು. ನನಗೆ ಊಟ ಸೇರದು. ದಿನಕ್ಕೆ ನಾಲ್ಕು ಸಲ ಹೋಗಿ ಬಗ್ಗಿ ನೋಡುವುದು, ಬರುವುದು, ಮತ್ತೆ ಹೋಗುವುದು. ಕಡೆಗೆ ಮನೆಯ ಕೌದಿಗಳನ್ನೆಲ್ಲ ಹೊತ್ತೊಯ್ದು ಆ ತಗ್ಗಿನ ಬೆಳೆಗೆ ಹೊದಿಸಿ ಬಂದೆ.

"ಮಕ್ಕಳಿಗೆ ತೂತುಬಿದ್ದ ಕಂಬಳಿ, ಮೇವಿಗೆ ನಾ ಹೊಲಿದ ಕೌದಿ! ನಾಳೆ ಅದಕ್ಕೊಂದು ತೊಟ್ಟಿಲಾನೂ ಕಟ್ರಿ," ಎಂದಳು ಹೆಂಡತಿ.

ಮೂರು ದಿನ ತೆಗೆಯಲಿಲ್ಲ. ಬಿಸಿಲಲ್ಲೂ ಮುಚ್ಚಿಯೇ ಇಟ್ಟೆ. ನಾಲ್ಕನೆಯ ಬೆಳಿಗ್ಗೆ ಕಾಕಾ ಬದು ದಾಟಿ ಬಂದು ಒಂದು ಕೌದಿಯ ಅಂಚು ಎತ್ತಿದರು. ಇಬ್ಬನಿ ಕುಡಿದು ಅದು ಇಬ್ಬರು ಎತ್ತುವಷ್ಟು ಭಾರವಾಗಿತ್ತು. ಕೆಳಗೆ ಸಸಿಗಳು ಬಿಳಿಚಿಕೊಂಡು ನೆಲಕ್ಕೆ ಅಂಟಿದ್ದವು.

"ಲೇ ತಮ್ಮಾ, ಬೆಳಿಗೇನ ಜ್ವರ ಬಂದಾವೇನ?"

"ಥಂಡಿ ಭಾಳ ಐತಿ ಕಾಕಾ..."

"ಥಂಡಿ ಇದನ್ನ ಕೊಲ್ಲೂದಿಲ್ಲ. ನಿನ್ನ ಗಡಿಬಿಡಿ ಕೊಲ್ತೈತಿ. ಹೊದಸಬ್ಯಾಡ, ಮರೆ ಕಟ್ಟು."

ಅಂದೇ ಅವರು ಮನೆಮನೆಗೆ ಹೋಗಿ ಹಳೆಯ ನೂಲಿನ ಸೀರೆ ಕೇಳಿದರು. ಕೌದಿಗೆಂದು ತೆಗೆದಿಟ್ಟ ಸೀರೆ, ಹೆಂಗಸರು ಸುಮ್ಮನೆ ಕೊಡುತ್ತಾರೆಯೇ?

"ಯಾರಿಗೆ ಉಡಸ್ತೀರಿ ಕಾಕಾ?"

"ಹೊಸಾ ಸೊಸಿ ಬಂದಾಳವಾ ನಮ್ಮ ಹೊಲಕ್ಕ. ಥಂಡಿ ಭಾಳ ಅಂತಾಳ."

ಬಿದಿರ ದಬ್ಬೆ ಬಾಗಿಸಿ ಕಮಾನು ನೆಟ್ಟರು, ಸೀರೆಗೆ ಸೀರೆ ಹೊಲಿದರು. ತಗ್ಗಿಗಷ್ಟೇ ಮರೆ, ಅದೂ ಬೆಳೆಗೆ ತಾಗದಂತೆ. ಹೊತ್ತು ಮುಳುಗುವಾಗ ಎಳೆಯುವುದು, ಬಿಸಿಲು ಬಿದ್ದ ಕೂಡಲೇ ಸುತ್ತಿಡುವುದು. ನಾನು ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದುಕೊಂಡು ಹೋದ ದಿನ ಎರಡನ್ನೂ ಅವರೇ ಮಾಡುತ್ತಿದ್ದರು. ಇಪ್ಪತ್ತು ದಿನದಲ್ಲಿ ತಗ್ಗಿನ ಬೆಳೆ ಮೇಲಿನದರ ಸರಿಸಮ ನಿಂತಿತು.

ಒಂದು ಮುಂಜಾನೆ ಡಾಕ್ಟರು ಬಂದರು, ಹಿಂದೆ ಕಟ್ಟೆಯ ಮಂದಿಯೂ ಬಂದರು. ಡಾಕ್ಟರು ಕಮಾನುಗಳನ್ನು ಮುಟ್ಟಿ ನೋಡಿ, "ಇದನ್ನ ಯಾರು ಹೇಳಿಕೊಟ್ಟರು?" ಎಂದರು.

ನಕ್ಕವರ ಮುಖ ಕಂಡವು ನನಗೆ. "ಯಾರೂ ಇಲ್ರಿ. ನಂದಽ ತಲಿ," ಅಂದುಬಿಟ್ಟೆ.

ಕಾಕಾ ನನ್ನ ಹಿಂದೆಯೇ ಸೀರೆ ಸುತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ.

ಆ ಸಂಜೆ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದರು. "ಕಾಕಾ, ಮುಂಜಾನೆ ನಾ..." ಎಂದೆ.

"ಆ ಕಡೆ ಜಗ್ಗಿ ಹಿಡಿ, ಸಡಲಾಗೇತಿ," ಎಂದರು.

ನಾಲ್ಕು ವರ್ಷ ಕಳೆದ ಮೇಲೆ, ಕಾಕಾ ವಾರದ ಜ್ವರದಲ್ಲಿ ತೀರಿಹೋದರು. ಹೆಗಲು ಕೊಟ್ಟು, ಮಣ್ಣು ಮುಗಿಸಿ ಬಂದು ಅವರ ಪಡಸಾಲೆಯಲ್ಲಿ ಕೂತಿದ್ದೆವು. ಅವರ ಮಗ ನನ್ನನ್ನು ತೋರಿಸಿ ಬೀಗರಿಗೆ ಹೇಳಿದ: "ಮರೆ ಕಟ್ಟೂದು ಈ ಅಣ್ಣನಽ ಕಲಿಸಿದ್ನಂತ್ರಿ. ನಮ್ಮಪ್ಪ ಎಲ್ಲಾರ ಮುಂದ ಹಂಗಽ ಹೇಳತಿದ್ದ."

"ಇಲ್ಲಪಾ. ಕಲಿಸಿದಂವ ನಿಮ್ಮಪ್ಪ. ನಾ ಸುಳ್ಳ ಹೇಳಿದ್ದೆ," ಎಂದೆ.

ಅವನು ನನ್ನ ಕೈ ಹಿಡಿದುಕೊಂಡ. "ನಿಮ್ಮ ಮನಸ್ಸು ದೊಡ್ಡದಣ್ಣಾ," ಎಂದು ಅತ್ತ.

ನಂಬಲೇ ಇಲ್ಲ.