ಮಧುಮಾಲತಿಯ ಬೀಜ

ಶಾರದಕ್ಕ, ಅವತ್ತು ನನ್ನ ಮಗಳು ನಿಧಿಗೆ ಹಾಗಾದದ್ದು ನಿಮ್ಮ ಚಟ್ನಿಯಿಂದಲ್ಲ. ಬೆಳಿಗ್ಗೆ ನಾನೇ, ನನ್ನ ಕೈಯಾರೆ, ಅವಳಿಗೆ ಮಧುಮಾಲತಿಯ ಬೀಜ ತಿನ್ನಿಸಿದ್ದೆ. ಆಸ್ಪತ್ರೆಯಲ್ಲಿ ಅದು ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಇದ್ದೂ ಸುಳ್ಳು ಹೇಳಿದೆ.

ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಬಾಲ್ಕನಿಗೆ ಕೆಳಗಿನಿಂದ ಹಬ್ಬಿದ್ದ ಬಳ್ಳಿಯನ್ನು ನೀವೂ ನೋಡಿದ್ದಿರಿ—ಮರದಂತೆ ಗಟ್ಟಿಯಾದ ಕಾಂಡ, ಗೊಂಚಲು ಗೊಂಚಲು ಕೆಂಪು ಹೂ. ದೆಹಲಿಯಲ್ಲಿ ಅದು ಕಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಆ ವರ್ಷ ಬಿಟ್ಟಿತು. ನಮ್ಮೂರಿನ ಹೊಳೆದಂಡೆಯಲ್ಲೂ ಇದೇ ಬಳ್ಳಿಯಿತ್ತು. ಮಕ್ಕಳ ಹೊಟ್ಟೆಹುಳಕ್ಕೆ ಅಜ್ಜಿ ಅದರ ಬೀಜ ಕೊಡುತ್ತಿದ್ದರು. ಎಷ್ಟು, ಹೇಗೆ—ನಾನು ಕೇಳಿ ತಿಳಿದವಳಲ್ಲ.

ನಿಧಿ ಕೆಲವು ದಿನಗಳಿಂದ ಹೊಟ್ಟೆನೋವೆಂದು ಅಳುತ್ತಿದ್ದಳು. "ಊರ ಮದ್ದೆಲ್ಲ ಇಲ್ಲಿ ಬೇಡ, ಶನಿವಾರ ಡಾಕ್ಟರಿಗೆ ತೋರಿಸೋಣ" ಎಂದು ನನ್ನ ಗಂಡ ಪ್ರಕಾಶ್ ಹೇಳಿದ್ದರು. ಆ ಮಾತೇ ನನ್ನನ್ನು ಕೆಣಕಿತೋ ಏನೋ. ಅವರು ಹೊರಟ ಮೇಲೆ ಕಾಯಿ ಒಡೆದೆ.

"ಮಮ್ಮಿ, ನಾರಿಯಲ್ ಜೈಸಾ ಹೈ! ಇನ್ನೂ ಕೊಡು."

ತೆಂಗಿನಕಾಯಿಯ ಹಾಗಿದೆ ಎಂದು ಐದು ವರ್ಷದ ಮಗು ಆಸೆಯಿಂದ ಕೈ ಚಾಚಿತು. ಕೊಟ್ಟೆ. ಆಮೇಲೆ ಎಂದಿನಂತೆ ಅವಳನ್ನು ಮುನಿರ್ಕಾದ ನಿಮ್ಮ ಬಾಡಿಗೆಮನೆಯಲ್ಲಿ ಬಿಟ್ಟು ಆಫೀಸಿನ ಬಸ್ಸು ಹತ್ತಿದೆ. ನಿಮ್ಮ ಯಜಮಾನರು ಹೋಟೆಲಿನ ಡ್ಯೂಟಿಗೆ ಹೋದ ಮೇಲೆ ನೀವು ಕೆಲಸಕ್ಕೆ ಹೋಗುವ ನಮ್ಮಂಥವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಿರಿ. ಬೇರೆಲ್ಲೂ ಊಟ ಮಾಡದ ನಿಧಿ ನಿಮ್ಮ ಕೈಯ ಇಡ್ಲಿ ತಿನ್ನುತ್ತಿದ್ದಳು.

ಫೋನ್ ಬಂದು ನಾನೂ ಪ್ರಕಾಶರೂ ಆಸ್ಪತ್ರೆಗೆ ಓಡಿಬಂದಾಗ ನಿಮ್ಮ ಸೀರೆಯ ತುಂಬ ಅವಳ ವಾಂತಿ. ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ನೀವೊಬ್ಬರೇ ಕರೆತಂದಿದ್ದಿರಿ. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ಒಂದೊಂದಕ್ಕೂ ಅವಳ ಮೈಯೆಲ್ಲ ಎಗರುತ್ತಿತ್ತು. "ಬೇಟಾ, ಕ್ಯಾ ಖಾಯಾ?" ಏನು ತಿಂದೆ ಮಗೂ ಎಂದು ಡಾಕ್ಟರ್ ಕೇಳಿದರು.

"ನಾರಿಯಲ್" ಎಂದಳು ನಿಧಿ.

ಮಗು ನಿಜವನ್ನೇ ಹೇಳಿತ್ತು, ಅಕ್ಕ. ಎಲ್ಲರೂ ನಿಮ್ಮತ್ತ ತಿರುಗಿದರು.

"ಏನು ತಿನ್ನಿಸಿದ್ರಿ ಅವಳಿಗೆ?" ಪ್ರಕಾಶ್ ಕೂಗಿದರು.

"ಇಡ್ಲಿ... ಕಾಯಿಚಟ್ನಿ. ಎಲ್ಲ ಮಕ್ಕಳೂ ತಿಂದದ್ದೇ." ನೀವು ನನ್ನ ಕೈ ಹಿಡಿದುಕೊಂಡಿರಿ. "ಉಷಾ, ಬೆಳಿಗ್ಗೆ ಮನೆಯಲ್ಲಿ ಬೇರೆ ಏನಾದ್ರೂ ಕೊಟ್ಟಿದ್ಯಾ? ನೆನಪು ಮಾಡ್ಕೊ ಮಾರಾಯ್ತಿ."

"ಇಲ್ಲಕ್ಕ. ಬರೀ ಹಾಲು."

ಅಷ್ಟೇ. ಡಾಕ್ಟರ್ ತಲೆಯಾಡಿಸಿ, ಕೆಟ್ಟ ಆಹಾರ ತಿಂದದ್ದಿರಬೇಕು ಎಂದರು. ಪ್ರಕಾಶರ ಭಯಕ್ಕೆ ಹಾಗೆಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಗಂಡನ ಭಯಕ್ಕೆ ಡಾಕ್ಟರಿಂದಲೂ ಮುಚ್ಚಿಡುವ ತಾಯಿ—ಅವಳು ಎಂಥವಳು? ಸಂಜೆಯವರೆಗೂ ಹಾಸಿಗೆಯ ಪಕ್ಕ ಕೂತಿದ್ದೆ. ಪ್ರತಿ ಬಿಕ್ಕಳಿಕೆಗೂ ಈಗ ಹೇಳಿಬಿಡುತ್ತೇನೆ, ಈಗ—ಎಂದುಕೊಂಡೆ. ಮಗುವಿನ ಜೀವಕ್ಕಿಂತ ನನ್ನ ಮಾನ ದೊಡ್ಡದಾಯಿತು. ಅವಳು ಚೇತರಿಸಿಕೊಂಡಳು; ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಆ ವಾರವೇ ಉಳಿದ ತಾಯಂದಿರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ನೀವು ಕಿತ್ತಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದಿರಿ. "ಚಟ್ನಿ ಹಳಸಿತ್ತೋ ಏನೋ, ನನಗೇ ಗೊತ್ತಾಗ್ಲಿಲ್ಲ. ಕ್ಷಮಿಸು ಉಷಾ" ಎಂದು ಬಾಗಿಲಲ್ಲೇ ನಿಂತು ಅತ್ತಿರಿ. ನಾನೇನು ಮಾಡಿದೆ ಗೊತ್ತಲ್ಲ—"ಆಯ್ತು ಬಿಡಿ ಅಕ್ಕ" ಎಂದೆ. ನಿಮ್ಮನ್ನು ಕ್ಷಮಿಸಿದೆ! ಸುಳ್ಳಿಗಿಂತ ಅದು ನೀಚತನ.

ನೀವು ಫರೀದಾಬಾದಿಗೆ ಮನೆ ಬದಲಿಸಿದಿರಿ. ವರ್ಷಗಳ ಮೇಲೆ, ಈ ಸಲದ ಕನ್ನಡದವರ ಗಣೇಶ ಹಬ್ಬದಲ್ಲಿ ನಿಮ್ಮನ್ನು ಕಂಡೆ. ದೊಡ್ಡವರ ಪಂಕ್ತಿಗೆ ಪಾಯಸ ಬಡಿಸುತ್ತಿದ್ದಿರಿ. ಮಕ್ಕಳ ಸಾಲು ಬಂದಾಗ ಸೌಟನ್ನು ಪಕ್ಕದವರ ಕೈಗಿತ್ತು, "ಮಕ್ಕಳಿಗೆ ನೀವೇ ಬಡಿಸಿ, ನನಗೆ ಬೇಡ" ಎಂದಿರಿ. ನಾನು ಕಂಬದ ಮರೆಗೆ ಸರಿದೆ. ನಿಮ್ಮ ಯಜಮಾನರು ಇವತ್ತಿಗೂ ಆ ಮಾತೆತ್ತಿ ನಿಮ್ಮನ್ನು ಹಂಗಿಸುತ್ತಾರೆಂದು ಅಲ್ಲೇ ಯಾರೋ ಹೇಳಿದರು.

ಕಳೆದ ಭಾನುವಾರ ಪ್ರಕಾಶ್ ಮತ್ತು ನಿಧಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಪ್ರಕಾಶ್ ಎದ್ದು ಹೊರಗೆ ಹೋದರು. ಈಗ ಕಾಲೇಜಿಗೆ ಹೋಗುವ ನಿಧಿ "ಆಂಟಿಗೆ ಬತಾಯಾ?" ಎಂದಳು—ನಿಮಗೆ ಹೇಳಿದೆಯಾ ಎಂದು.

ಇಲ್ಲ ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

ಅಂದಿನ ತಾಯಂದಿರಲ್ಲಿ ಸಿಕ್ಕವರಿಗೆ ಫೋನ್ ಮಾಡಿ ಹೇಳಿದ್ದೇನೆ. ನಾಳೆ ಫರೀದಾಬಾದಿಗೆ ಬರುತ್ತೇನೆ, ಶಾರದಕ್ಕ. ಕ್ಷಮಿಸಿ ಎಂದು ಕೇಳುವುದಿಲ್ಲ—ನಿಮ್ಮ ಬಾಯಿಂದ ಆ ಮಾತನ್ನು ಹೇಳಿಸಿಕೊಂಡವಳು ನಾನು. ನಿಮ್ಮ ಯಜಮಾನರು ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ. ಅವರ ಎದುರಿಗೇ ಹೇಳಬೇಕು.