ಕೆಳಮನೆ ಅಕ್ಕ ತೋರಿಸಿದ ವಿಶಾಖಪಟ್ಟಣ

ಲೈಫ್ ಜಾಕೆಟ್ಟಿಗೆ ತನ್ನದೇ ಒಂದು ವಾಸನೆ ಇರುತ್ತದೆ. ಊರ ಜನರ ಬೆವರು, ಒಣಗಿಯೂ ಒಣಗದ ನೀರು, ಬಿಸಿಲಿಗೆ ಕಾದ ರಬ್ಬರು, ಒಂದಿಷ್ಟು ಡೀಸೆಲ್ಲು... ಯಾವ ಪುಣ್ಯಾತ್ಮನೂ ಅದನ್ನು ಒಗೆದ ಹಾಗೆ ಕಾಣುವುದಿಲ್ಲ. ಕಳೆದ ವಾರ ವಿಜಯವಾಡದಲ್ಲಿ, ಕೃಷ್ಣೆಯ ಮೇಲೆ ಸಂಜೆ ಹೊತ್ತು ಸುತ್ತಾಡಿಸುವ ಬೋಟು ಹತ್ತುವಾಗ ಅಂಥದ್ದೊಂದನ್ನು ಕೊರಳಿಗೆ ಹಾಕಿಕೊಂಡೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಂಜ್ ಸರ್ಕಲ್ಲಿನ ಟ್ರಾಫಿಕ್ಕು, ಬ್ಯಾಂಕಿನಲ್ಲಿ ಬಿಟ್ಟು ಬಂದ ಕೆಲಸ ಎಲ್ಲ ಮರೆತುಹೋಯಿತು. ಎಷ್ಟೋ ವರ್ಷಗಳ ಹಿಂದಿನ ವಿಶಾಖಪಟ್ಟಣದ ಜೆಟ್ಟಿ ಕಣ್ಣ ಮುಂದೆ ಬಂತು. ಕಿತ್ತಳೆ ಬಣ್ಣದ ಜಾಕೆಟ್ಟಿನೊಳಗೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಮೈಕು ಹಿಡಿದು, ಅಲ್ಲಿ ಕೆಳಮನೆ ಅಕ್ಕ ನಿಂತಿದ್ದಳು.

ನಾನು ಮೊದಲ ಸಲ ಆಂಧ್ರಕ್ಕೆ ವರ್ಗವಾಗಿ ಬಂದದ್ದು ವಿಶಾಖಪಟ್ಟಣಕ್ಕೆ. ದಾವಣಗೆರೆ ಬಿಟ್ಟು ಬೇರೆ ಊರಿನ ನೀರು ಕುಡಿದು ಗೊತ್ತಿಲ್ಲದವಳು ನಾನು. ತೆಲುಗು ಒಂದಕ್ಷರ ಬಾರದು. ಮಧುರವಾಡದಲ್ಲಿ ಬಾಡಿಗೆ ಮನೆ ಹುಡುಕುತ್ತಾ ಬಿಸಿಲಲ್ಲಿ ಬೆಂದುಹೋಗಿದ್ದಾಗ, ಒಂದು ಗೇಟಿನ ಒಳಗಿನಿಂದ ಹಿರಿಯರೊಬ್ಬರು 'ಕನ್ನಡದವ್ರೇನವಾ? ಬಾ, ಒಳಗ ಬಾ, ಮೊದ್ಲ ನೀರು ಕುಡಿ' ಎಂದು ಕರೆದರು. ಗದಗಿನ ಕಡೆಯವರು. ಅವರೂ ಬ್ಯಾಂಕಿನಲ್ಲಿ ಗುಮಾಸ್ತರಾಗಿ ವರ್ಗವಾಗಿ ಬಂದವರು, ಸಮುದ್ರದ ಗಾಳಿ ಹಿಡಿಸಿ ಅಲ್ಲೇ ಮನೆ ಕಟ್ಟಿ ಉಳಿದುಬಿಟ್ಟಿದ್ದರು. ಅವತ್ತಿನಿಂದ ಅವರು ನನಗೆ ಕಾಕಾ. ಮಹಡಿಯ ಮನೆ ನನಗೆ ಸಿಕ್ಕಿತು. ಕೆಳಗೆ ಕಾಕಾ, ಅವರ ಮಗಳು, ಅಳಿಯ. ಕಾಕಾನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಳಿಯ ತೆಲುಗಿನವರು, ಬಂದರಿನಲ್ಲಿ ಕೆಲಸ. ಮಗಳೇ ನಮ್ಮ ಅಕ್ಕ.

ಅಕ್ಕನ ಕೆಲಸ ಕೇಳಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ದಿನಾ ಸಂಜೆ, ಮೀನುಗಾರಿಕೆ ಬಂದರಿನ ಪಕ್ಕದ ಜೆಟ್ಟಿಯಿಂದ ಪ್ರವಾಸಿಗರ ಬೋಟು ಹೊರಡುತ್ತಿತ್ತು. ಸೂರ್ಯ ಮುಳುಗುವವರೆಗೆ ಊರಿನ ಉದ್ದಕ್ಕೂ ಹೋಗಿ ತಿರುಗಿ ಬರುವುದು. ಬೋಟಿನಲ್ಲಿ ಮೈಕು ಹಿಡಿದು, ಇದು ಬಂದರು, ಇದು ಬೆಟ್ಟ, ಇದು ಹಳೆಯ ಊರು ಎಂದು ತೋರಿಸುವವಳು ಅಕ್ಕ. ತೆಲುಗು, ಹಿಂದಿ, ಇಂಗ್ಲಿಷು ಮೂರರಲ್ಲೂ ಅರಳು ಹುರಿದಂತೆ ಮಾತಾಡುತ್ತಿದ್ದಳು. ನಾನು ಬಿಡುವಾದಾಗಲೆಲ್ಲ ಹೋಗಿ ಕೂರುತ್ತಿದ್ದೆ. ಕೇಳಿದವರು ಇಳಿಯುವಾಗ ಅವಳ ಕೈ ಹಿಡಿದು ಮಾತಾಡಿಸಿ ಹೋಗುತ್ತಿದ್ದರು.

ಕನ್ನಡದ ಮಾತೇ ಬೇರೆ. ಅವಳ ಕನ್ನಡ ಅವಳ ಅವ್ವನಿಂದ ಬಂದದ್ದು, ಅಡುಗೆಮನೆ ದಾಟಿ ಆಚೆಗೆ ಕಾಲಿಟ್ಟದ್ದಲ್ಲ. ಒಲೆ, ಪಾತ್ರೆ, ಹಪ್ಪಳ, ಬಾಣಂತನ, ಬೈಗುಳ ಎಲ್ಲಕ್ಕೂ ಅವಳ ಹತ್ತಿರ ಗದಗಿನ ಅಪ್ಪಟ ಮಾತುಗಳಿದ್ದವು. ಅದರಾಚೆಗಿನ ಲೋಕಕ್ಕೆಲ್ಲ ತೆಲುಗು. ಚಿಕ್ಕವಳಿದ್ದಾಗ ಗದಗಿನ ಒಂದು ಮದುವೆಮನೆಯಲ್ಲಿ ಏನೋ ಕೇಳಹೋಗಿ, ಅರ್ಧ ಕನ್ನಡ ಅರ್ಧ ತೆಲುಗು ಆಗಿ, ಅವಳ ಸೋದರತ್ತೆ ನೆರೆದವರೆಲ್ಲರ ಎದುರು 'ಸ್ಟೇಷನ್ ಸಿಗಲಾರದ ರೇಡಿಯೋ ಆಗ್ಯಾಳ ನೋಡ್ರೇ ಈಕಿ!' ಎಂದು ನಕ್ಕಿದ್ದರಂತೆ. ಮಂದಿಯೂ ನಕ್ಕರು. ಅತ್ತೆಗೆ ಅದು ತಮಾಷೆ, ಮರುಗಳಿಗೆ ಮರೆತಿರಬೇಕು. ಅಕ್ಕ ಮರೆಯಲಿಲ್ಲ. ಆಮೇಲೆ ಗದಗಿನ ಯಾವ ಮದುವೆಗೂ ಹೋಗಲಿಲ್ಲ. ಫೋನು ಬಂದರೆ 'ಅಪ್ಪಗ ಕೊಡ್ತೇನಿ' ಎಂದಷ್ಟೇ ಹೇಳಿ ದಾಟಿಸಿಬಿಡುವಳು.

ಹೀಗಿರುವಾಗ ಕಾಕಾಗೆ ಎಪ್ಪತ್ತು ತುಂಬಿತು. ಶಾಂತಿ ಮಾಡಿಸಲು ಗದಗಿನಿಂದ ಬಳಗವೇ ರೈಲು ಹತ್ತಿ ಬಂತು. ಕಾಕಾನ ತಮ್ಮ, ತಂಗಿ, ಅವರ ಮಕ್ಕಳು ಮರಿ... ತಂಗಿ ಎಂದರೆ ಅದೇ ಸೋದರತ್ತೆ. ಶಾಂತಿ ಮುಗಿಯಿತು, ಸಿಂಹಾಚಲದ ದರ್ಶನವಾಯಿತು, ಬರುವಾಗ ಅನಕಾಪಲ್ಲಿಯ ಬೆಲ್ಲದ ಪೊಟ್ಟಣಗಳೂ ಚೀಲ ಸೇರಿದವು. ಇನ್ನು ಉಳಿದದ್ದು ಸಮುದ್ರ. ಬೋಟಿನಲ್ಲಿ ಹೋಗೋಣ ಎಂದು ಅತ್ತೆಯೇ ಹಟ ಹಿಡಿದರು.

ಅಕ್ಕ ಹಿಂದಿನ ದಿನವೇ ಮೇಲೆ ಬಂದು ನನ್ನ ಬಾಗಿಲಲ್ಲಿ ಕೂತಳು. 'ಅವ್ರಿಗೆ ಕನ್ನಡದಾಗ ಹೇಳ್ಬೇಕು ಅಂತ ಆಸೆ. ಒಮ್ಮೆ. ಅಪ್ಪ ಕೇಳೂಹಂಗ. ಯಾರೂ ನಗಬಾರ್ದು ನೋಡು' ಎಂದಳು. ಅವಳು ಯಾವುದಕ್ಕೂ ಹಾಗೆ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ನನಗೆ ಉತ್ಸಾಹ ಉಕ್ಕಿಬಿಟ್ಟಿತು. ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ಪಡೆದವಳಲ್ಲವೇ, 'ಐತಿಹಾಸಿಕ ಬಂದರು ನಗರಿಯ ವಿಹಾರಕ್ಕೆ ಆಗಮಿಸಿರುವ ತಮಗೆಲ್ಲರಿಗೂ ಹಾರ್ದಿಕ ಸ್ವಾಗತ' ಎಂದು ಶುರುಮಾಡಿ, ಹಡಗುಕಟ್ಟೆ, ದೀಪಸ್ತಂಭ, ನೈಸರ್ಗಿಕ ಸೌಂದರ್ಯ ಎಲ್ಲ ಸೇರಿಸಿ ಒಂದು ದೊಡ್ಡ ಭಾಷಣವನ್ನೇ ಹೇಳಿಕೊಟ್ಟೆ. ಪಾಪ, ಅಕ್ಕ ಪಾತ್ರೆ ತಿಕ್ಕುತ್ತಾ, ಬಟ್ಟೆ ಒಣಹಾಕುತ್ತಾ ಅದನ್ನೇ ಬಾಯಿಪಾಠ ಮಾಡಿದಳು.

ಮಾರನೆಯ ಸಂಜೆ ಬೋಟು ಹೊರಟಿತು. ಮುಕ್ಕಾಲುಪಾಲು ನಮ್ಮವರೇ. ಹತ್ತಿದವರೇ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಸಮುದ್ರದ ಕಡೆಯ ಬದಿಗೆ ಜಾಗ ಹಿಡಿದರು. ಅತ್ತೆಯಂತೂ ಬೋಟಿನ ಅಂಚಿನ ಕಟಾಂಜನಕ್ಕೆ ಆತುಕೊಂಡು, ಅಲ್ಲಾಡದೆ ನಿಂತರು. ಗೋಕರ್ಣ ಕಂಡ ಜನ, ಕಾರವಾರ ಕಂಡ ಜನ. ಸಮುದ್ರ ಎಂದಮೇಲೆ ಸೂರ್ಯ ಅದರೊಳಗೇ ಮುಳುಗಬೇಕು ಎಂದು ಅವರ ನಂಬಿಕೆ. ಇದು ಪೂರ್ವದ ಕಡಲು, ಇಲ್ಲಿ ಅವನು ಹುಟ್ಟುತ್ತಾನೆಯೇ ಹೊರತು ಮುಳುಗುವುದಿಲ್ಲ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಬೇರೆಯವರನ್ನು ಯಾಕೆ ಅನ್ನಲಿ, ಮೊದಲ ಸಲ ನಾನೂ ಹಾಗೇ ಪೂರ್ವಕ್ಕೆ ಮುಖ ಮಾಡಿ ಕಾದವಳೇ.

ಅಕ್ಕ ಮೈಕು ಹಿಡಿದಳು. 'ಐತಿಹಾಸಿಕ ಬಂದರು ನಗರಿಯ... ವಿಹಾರಕ್ಕೆ ಆಗಮಿಸಿ... ಆಗಮಿಸಿರುವ...' ಅಲ್ಲಿಗೆ ನಿಂತಿತು. ಮತ್ತೆ ಮೊದಲಿಂದ ಶುರುಮಾಡಿದಳು. ಮತ್ತೆ ಅಲ್ಲೇ ಸಿಕ್ಕಿಕೊಂಡಳು. ಯಾರೋ ಕಿಸಕ್ಕೆಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಾಕಾ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡತೊಡಗಿದರು. ಹೇಳಿಕೊಟ್ಟ ನನಗೆ ಅಕ್ಕನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಬೋಟು ಒಂದು ಬದಿಗೆ ವಾಲಿತು. ಎಲ್ಲರೂ ಒಂದೇ ಕಡೆ ಸೇರಿದರೆ ಮತ್ತೇನಾಗುತ್ತದೆ? ಬೋಟು ನಡೆಸುವಾತ ಕ್ಯಾಬಿನ್ನಿನಿಂದ ತಲೆ ಹೊರಹಾಕಿ 'ಅಂದರೂ ಒಕೇ ವೈಪು ಉಂಟೇ ಎಲಾ ಅಮ್ಮಾ! ಇಟು ಪಂಪಂಡಿ!' ಎಂದು, ಜನರನ್ನು ಇತ್ತ ಕಳಿಸಲು ಅಕ್ಕನಿಗೆ ಕೂಗಿ ಹೇಳಿದ. ನಮ್ಮವರಿಗೆ ಅರ್ಥವಾದರೆ ತಾನೆ, ಯಾಕೆ ಕೂಗುತ್ತಿದ್ದಾನೆ ಎಂದು ಇನ್ನೂ ನಾಲ್ಕು ಜನ ಎದ್ದು ಅತ್ತಲೇ ಹೋದರು. ಬೋಟು ಇನ್ನಷ್ಟು ವಾಲಿತು. ಅಕ್ಕನಿಗೆ ಪದ ಹುಡುಕಲು ಪುರುಸೊತ್ತು ಎಲ್ಲಿ?

'ಅತ್ತೀ! ಅಲ್ಲೇನ್ ನೋಡ್ತಿ, ಅಲ್ಲಿಲ್ಲ ಸೂರ್ಯಾ! ಈ ಕಡೆ ಬಾ! ಸಣ್ಣ ಕಾಕಾ, ನೀನೂ ಬಾ! ಊರ ಹಿಂದ ಮುಳಗ್ತಾನ, ಗುಡ್ಡದ ಹಿಂದ! ಎಲ್ಲಾರೂ ಅತ್ತಾಗ ನಿಂತ್ರ ಬೋಟು ಮಗ್ಗಲಾಗತೈತಿ, ಅರ್ಧಾ ಮಂದಿ ಇತ್ತಾಗ ಬರ್ರಿ, ಲಗೂನ ಬರ್ರಿ!'

ಮೈಕಿನಲ್ಲಿ ಅವಳ ದನಿ ಗುಡುಗಿತು. ಅಚ್ಚ ಗದಗಿನ ದನಿ. ಜನ ದಡಬಡ ಎದ್ದು ಇತ್ತ ಬಂದರು. ಅತ್ತೆಯೂ ಕಟಾಂಜನ ಬಿಟ್ಟು ಬಂದರು. ಬೋಟು ನೆಟ್ಟಗಾಯಿತು. ಎದುರಿಗೆ ಇಡೀ ವಿಶಾಖಪಟ್ಟಣ, ಅದರ ಹಿಂದೆ ಬೆಟ್ಟಗಳ ಸಾಲು, ಬೆಟ್ಟದ ನೆತ್ತಿಯ ಮೇಲೆ ಕೆಂಪಾದ ಸೂರ್ಯ.

'ಅಯ್ಯ, ಹೌದಲ್ಲೋ!' ಎಂದು ಅತ್ತೆ ಗಲ್ಲದ ಮೇಲೆ ಕೈಯಿಟ್ಟರು.

ಅಕ್ಕ ನನ್ನ ಕಡೆ ನೋಡಿದಳು. ನಾನು ಹೇಳಿಕೊಟ್ಟದ್ದನ್ನೆಲ್ಲ ಅವಳು ಆ ಗಳಿಗೆಯಲ್ಲೇ ಕೈಬಿಟ್ಟಳೆಂದು ನನಗೆ ಗೊತ್ತಾಯಿತು. ಆಮೇಲೆ ಅವಳು ಆಡಿದ್ದೆಲ್ಲ ಅಡುಗೆಮನೆಯ ಕನ್ನಡವೇ.

ಡಾಲ್ಫಿನ್ಸ್ ನೋಸ್ ಬೆಟ್ಟ ಬಂತು. 'ಈ ಗುಡ್ಡಾ ನಮ್ಮೂರ ಹಿರೇಮನಷ್ಯಾ. ಗಾಳಿ, ತುಫಾನು, ಏನ್ ಬಂದ್ರೂ ಮೊದ್ಲ ತನ್ನ ಮೈಮ್ಯಾಲ ಹಾಕ್ಕೋತಾನ' ಎಂದಳು. ಅದರ ಮೇಲಿನ ದೀಪಸ್ತಂಭ ತೋರಿಸಿ, 'ಮಕ್ಳು ಮನಿಗೆ ಬರೂತನಕ ಅವ್ವ ಹೊರಗಿನ ದೀಪ ಆರ್ಸೂದಿಲ್ಲ ಕದಾ, ಹಂಗ ಅದು' ಎಂದಳು. ಬಂದರಿನ ಬಾಯಿಯ ಗುಡ್ಡಗಳ ಮೇಲೆ ಗುಡಿ, ದರ್ಗಾ, ಚರ್ಚು ಮೂರೂ ಕಂಡವು. 'ಮೂರೂ ಮನಿಯವ್ರು ಒಂದ ಓಣ್ಯಾಗ ಅದಾರ. ಹಡಗಿನವ್ರು ಮೂವರಿಗೂ ಕೈ ಮುಗದ ಒಳಗ ಬರ್ತಾರ.' ದೂರದಲ್ಲಿ ಲಂಗರು ಹಾಕಿದ ಹಡಗುಗಳು ಸಾಲಾಗಿ ನಿಂತಿದ್ದವು. 'ಅವೆಲ್ಲಾ ಯಾಕ ನಿಂತಾವ?' ಎಂದು ಕಾಕಾನ ತಮ್ಮ ಕೇಳಿದರು. 'ಎರಡನೇ ಪಂಕ್ತಿ, ಸಣ್ಣ ಕಾಕಾ. ಒಳಗ ಮೊದಲನೇ ಪಂಕ್ತಿ ಇನ್ನೂ ಎದ್ದಿಲ್ಲ. ಅವ್ರು ಕೈ ತೊಳಕೊಂಡ್ರ ಇವ್ರಿಗೆ ಎಲಿ ಹಾಕ್ತಾರ' ಎಂದಳು ಅಕ್ಕ.

ಬೋಟಿಗೆ ಬೋಟೇ ನಕ್ಕಿತು. ಅಕ್ಕ ಬೆಚ್ಚಿ ಮಾತು ನಿಲ್ಲಿಸಿದಳು. ಮೈಕು ಎದೆಗೆ ಅವುಚಿಕೊಂಡು, ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿದಳು... ಆ ಮದುವೆಮನೆಯೇ ಅವಳ ಕಣ್ಣಿಗೆ ಕಂಡಿರಬೇಕು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅತ್ತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, 'ಮುಂದ ಹೇಳಬೇ ತಂಗಿ, ನಿಂದರಬ್ಯಾಡ' ಎಂದರು.

ಅಕ್ಕ ನಿಲ್ಲಲಿಲ್ಲ. ಹಳೆಯ ಊರಿನ ಓಣಿಗಳು, ಮೊದಲು ಹಡಗು ಕಟ್ಟಿದ ಜಾಗ, ಯುದ್ಧದ ಕಾಲದ ಭಯ, ದಡಕ್ಕೆ ತಂದು ನಿಲ್ಲಿಸಿದ ಜಲಾಂತರ್ಗಾಮಿ, ದೂರದ ಕೈಲಾಸಗಿರಿಯ ಬಿಳಿಯ ಶಿವಪಾರ್ವತಿಯರು... ಎಲ್ಲವನ್ನೂ ನಮ್ಮ ಮನೆಯ ಜಗುಲಿಯ ಮೇಲೆ ತಂದು ಕೂರಿಸಿದಳು. ನಡುನಡುವೆ 'ಕದಾ' ಎಂದು ತೆಲುಗು ನುಸುಳಿದರೆ ನುಸುಳಿತು, ಯಾರು ಲೆಕ್ಕಕ್ಕಿಟ್ಟರು? ಸೂರ್ಯ ಬೆಟ್ಟದ ಹಿಂದೆ ಇಳಿಯುವಾಗ ಮಾತ್ರ ಅವಳು ಮೈಕು ಕೆಳಗಿಳಿಸಿದಳು. ಕಾಕಾ ಪಕ್ಕದಲ್ಲಿದ್ದವರ ಭುಜ ತಟ್ಟಿ 'ನನ್ನ ಮಗಳು' ಎಂದರು. ಪಕ್ಕದಲ್ಲಿದ್ದವರು ಅವರ ಸ್ವಂತ ತಮ್ಮ. ಅವರಿಗೆ ಅಷ್ಟೂ ಗೊತ್ತಿರಲಾರದೇ! ಆದರೂ ಅವರು 'ಹೌದೋ ಅಣ್ಣಾ, ನಿನ್ನ ಮಗಳು' ಎಂದರು. ನನಗೋ, ನನ್ನ ಒಡಹುಟ್ಟಿದವಳೇ ಏನೋ ಗೆದ್ದಳು ಎಂಬಷ್ಟು ಹೆಮ್ಮೆ. ಇವತ್ತಿಗೂ ಅದು ಕಡಿಮೆಯಾಗಿಲ್ಲ.

ಜೆಟ್ಟಿಯಲ್ಲಿ ಇಳಿದ ಮೇಲೆ ಅತ್ತೆ ಅಕ್ಕನನ್ನು ಅಲ್ಲೇ ತಡೆದು ನಿಲ್ಲಿಸಿದರು. 'ಆ ಜಾಕೀಟು ತಗಿ. ಸೆರಗು ಒಡ್ಡು' ಎಂದರು. ತವರಿಗೆ ಬಂದ ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಮದುವೆಯಾದ ಮೇಲೆ ಅಕ್ಕ ಗದಗಿನ ತವರಿಗೆ ಹೋದದ್ದೇ ಇಲ್ಲ, ಉಡಿ ತುಂಬಿಸಿಕೊಂಡದ್ದೂ ಇಲ್ಲ. ಅತ್ತೆ ಚೀಲ ತಡಕಿ ಸಿಂಹಾಚಲದ ತೆಂಗಿನಕಾಯಿ ತೆಗೆದರು, ಶಾಂತಿಯಲ್ಲಿ ಬಂದಿದ್ದ ಕುಬಸದ ಕಣ, ಅಂದರೆ ರವಿಕೆ ಬಟ್ಟೆ, ತೆಗೆದರು, ಅನಕಾಪಲ್ಲಿಯ ಬೆಲ್ಲದ ಒಂದು ತುಂಡು ಮುರಿದರು. ಅಕ್ಕಿ? ಜೆಟ್ಟಿಯಲ್ಲಿ ಅಕ್ಕಿ ಎಲ್ಲಿಂದ ಬರಬೇಕು! ಅಲ್ಲೇ ಗಾಡಿಯವನ ಹತ್ತಿರ ಖಾರ ಹಚ್ಚದ ಒಣ ಚುರುಮುರಿ ಕಟ್ಟಿಸಿಕೊಂಡರು. 'ಇದೂ ಅಕ್ಕೀದ ಅಲ್ಲೇನು? ನಡೀತೈತಿ' ಎಂದು ಮೂರು ಬೊಗಸೆ ಹಾಕಿದರು. ಅರ್ಧ ಚುರುಮುರಿ ಗಾಳಿಗೆ ಹಾರಿ ಸಮುದ್ರಕ್ಕೆ ಹೋಯಿತು. ಅಕ್ಕ ತುಂಬಿದ ಉಡಿ ಹಿಡಿದುಕೊಂಡು ಎಲ್ಲರ ಎದುರೇ ಅತ್ತಳು. ಅತ್ತೆಯೂ ಅತ್ತರು.

ಅದಾದ ಮೇಲೆ ಅಕ್ಕ ಗದಗಿಗೆ ಎಷ್ಟು ಸಲ ಹೋಗಿ ಬಂದಳೋ. ಬೋಟಿನಲ್ಲಿ ಯಾರಾದರೂ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದರೆ ಸಾಕು, ಮೂರು ಭಾಷೆ ಮುಗಿಸಿ ನಾಲ್ಕನೆಯದಕ್ಕೆ ಬರುತ್ತಿದ್ದಳು. ನನಗೆ ವರ್ಗವಾಯಿತು. ಕಾಕಾ ಹೋದರು. ನಾನು ತಿರುಗಿ ಆಂಧ್ರಕ್ಕೇ, ಈ ವಿಜಯವಾಡಕ್ಕೆ ಬರುವ ಹೊತ್ತಿಗೆ ಅಕ್ಕನಿಗೆ ಕಾಯಿಲೆ ಬಲಿತಿತ್ತು...

ಹೋದ ತಿಂಗಳು ಫೋನು ಬಂತು. ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ಈ ಪದ್ಧತಿ ಗದಗಿನಲ್ಲೂ ಉಂಟು, ತೆಲುಗಿನವರಲ್ಲೂ ಉಂಟು. ಅಕ್ಕನ ಗಂಡ ಆ ಸೀರೆಗಾಗಿ ಒಂದು ದಿನ ಕಾದರು. ಅತ್ತೆ ಮಂಡಿನೋವು ಕಟ್ಟಿಕೊಂಡು ಸೀರೆಯೊಂದಿಗೆ ರೈಲು ಹತ್ತಿದರು, ವಿಜಯವಾಡದಲ್ಲಿ ಅವರನ್ನು ಇಳಿಸಿಕೊಂಡು ನಾನೇ ಮಧುರವಾಡಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರು ಆ ಸೀರೆಯ ಪೊಟ್ಟಣವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ದಿನಕರ್ಮ ಮುಗಿಸಿಕೊಂಡು ಕಳೆದ ವಾರ ಅವರು ವಿಜಯವಾಡದ ಹಾದಿಯಾಗಿ ಊರಿಗೆ ಹೊರಟರು. ರೈಲಿಗೆ ಇನ್ನೂ ಹೊತ್ತಿತ್ತು. ಮನೆಯಲ್ಲಿ ಕೂತರೆ ಇಬ್ಬರೂ ಅಳುತ್ತೇವೆ ಎಂದು ಕೃಷ್ಣೆಯ ಬೋಟಿಗೆ ಕರೆತಂದಿದ್ದೆ. ಇಲ್ಲಿಯೂ ಒಬ್ಬ ಹುಡುಗ ಮೈಕು ಹಿಡಿದು ತೆಲುಗಿನಲ್ಲಿ, ಹಿಂದಿಯಲ್ಲಿ ನದಿ, ಬ್ಯಾರೇಜು, ಬೆಟ್ಟ ಎಲ್ಲ ಹೇಳಿದ. ಅವನು ಹತ್ತಿರ ಬಂದಾಗ ಅತ್ತೆ ಕೈ ಹಿಡಿದು ನಿಲ್ಲಿಸಿ, 'ನಮ್ಮ ಹುಡುಗಿ ಇದ ಕೆಲಸ ಮಾಡ್ತಿದ್ಲು. ಕನ್ನಡದಾಗ ಹೇಳ್ತಿದ್ಲಪಾ' ಎಂದರು. ನಾನು ತೆಲುಗಿನಲ್ಲಿ ತಿಳಿಸಿದೆ. ಹುಡುಗನಿಗೆ ಖುಷಿಯಾಯಿತು. 'ಅಲಾಗಾ! ಇಪ್ಪುಡು ಎಕ್ಕಡ ಉನ್ನಾರಂಡಿ?' ಎಂದು ಕೇಳಿದ.

ಈಗ ಎಲ್ಲಿದ್ದಾರೆ ಎಂಬ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳಲು ನಾನು ಅವರ ಕಡೆ ತಿರುಗಿದೆ. ಅವರಿಗೆ ಹೇಳಬೇಕಾಗಿರಲಿಲ್ಲ.

'ಹೋದ್ಲು ಅಂತ ಹೇಳವಾ' ಎಂದರು ಅತ್ತೆ. 'ತವರಿನ ಸೀರಿ ಉಟಗೊಂಡು ಹೋದ್ಲು ಅಂತ ಹೇಳು.'

ನಾನು ಹೇಳಿದೆ. ಹುಡುಗ ಮೈಕನ್ನು ಬೆಂಚಿನ ಮೇಲಿಟ್ಟು, ಬಗ್ಗಿ ಅತ್ತೆಯ ಕಾಲು ಮುಟ್ಟಿದ.